ಡಿಟೆಕ್ಟರ್ ಹೆಡ್‌ಫೋನ್: ಬಲಗಿವಿ ಮಂದ ಇರುವವನಿಗೆ ಯಾವುದು ಸರಿ?

ತುಂಗಭದ್ರೆ_ದಂಡೆ

ನಮಸ್ಕಾರ. ಆಸ್ಟ್ರೇಲಿಯಾದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನ ಹುಡುಕುವ ಕನ್ನಡದವರು ಇಲ್ಲಿ ಒಂದಿಬ್ಬರಾದರೂ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ನನಗೆ 62. ಹರಿಹರದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಮೇಲೆ ಕೆಲಸ ಮಾಡಿದವನು. ಆಗ ಕಿವಿಗೆ ಒಂದು ಚೂರು ಹತ್ತಿ ತುರುಕಿಕೊಂಡರೆ ಅದೇ ಸೇಫ್ಟಿ. ಈಗ ಮೆಲ್ಬರ್ನ್‌ನಲ್ಲಿ ಮಗ ಸೊಸೆ ಜೊತೆ ಇದ್ದೇನೆ. ವಿಕ್ಟೋರಿಯಾದ ಮೈನರ್ಸ್ ರೈಟ್, ಅಂದರೆ ಚಿನ್ನ ಹುಡುಕುವ ಪರವಾನಗಿ, ಮಾಡಿಸಿದ್ದೇನೆ. ಸೆಕೆಂಡ್ ಹ್ಯಾಂಡ್ ಮೈನ್‌ಲ್ಯಾಬ್ ಜಿಪಿಎಕ್ಸ್ 4500 ಡಿಟೆಕ್ಟರ್ ತೆಗೆದುಕೊಂಡಿದ್ದೇನೆ. ಮಗನ ಸ್ನೇಹಿತನೊಬ್ಬ ಬಿಡುವಾದಾಗ ಡನೋಲಿ, ಮೋಲಿಯಾಗಲ್ ಕಡೆ ಕರೆದುಕೊಂಡು ಹೋಗುತ್ತಾನೆ. 1869ರಲ್ಲಿ ವೆಲ್ಕಮ್ ಸ್ಟ್ರೇಂಜರ್ ಅನ್ನುವ ಆ ದೊಡ್ಡ ಗಟ್ಟಿ ಸಿಕ್ಕಿದ್ದು ಅಲ್ಲೇ ಅಲ್ವಾ. ನನಗೆ ಸಿಗುವುದು ಹಳೇ ಬೂಟಿನ ಮೊಳೆ ಮತ್ತು ಸೀಸದ ಚರೆ. ಸೊಸೆ ಊರಿಗೆ ಫೋನ್ ಮಾಡಿದಾಗಲೆಲ್ಲ "ಮಾವ ನಿಧಿ ತೆಗೆಯೋಕೆ ಹೋಗಿದ್ದಾರೆ" ಅಂತ ಹೇಳಿ ನಗುತ್ತಾಳೆ.

ಸಮಸ್ಯೆ ಕಿವಿಯದು. ಈ ಮಷೀನಿನಲ್ಲಿ ಥ್ರೆಶೋಲ್ಡ್ ಅಂತ ಒಂದು ಗುಂಯ್ ಸದ್ದು ಯಾವಾಗಲೂ ಇರುತ್ತದೆ. ನೆಲದಲ್ಲಿ ಸಣ್ಣ ಚೂರು ಇದ್ದರೆ ಆ ಗುಂಯ್ ಒಂಚೂರು ಏರುತ್ತದೆ ಅಥವಾ ಕುಸಿಯುತ್ತದೆ, ಅಷ್ಟೇ. ಜೊತೆಗೆ ಬರುವ ಹುಡುಗ "ಅಂಕಲ್, ಇಲ್ಲಿ ಕುಸಿಯಿತು, ಕೇಳಿಸಲಿಲ್ವಾ?" ಅನ್ನುತ್ತಾನೆ. ನನಗೆ ಏನೂ ಇಲ್ಲ. ಅಗೆದರೆ ಅಕ್ಕಿಕಾಳಿನಷ್ಟು ಚಿನ್ನ! ವಾಲ್ಯೂಮ್ ಏರಿಸಿದರೆ ಗುಂಯ್ ಕೇಳುತ್ತದೆ, ಆದರೆ ಮುಂದಿನ ಹೆಜ್ಜೆಯಲ್ಲಿ ಯಾವುದೋ ಡಬ್ಬಿ ಚೂರು ಸಿಕ್ಕರೆ ಕಿವಿಯೊಳಗೆ ಪಟಾಕಿ ಹೊಡೆದ ಹಾಗೆ ಕೂಗುತ್ತದೆ. ಗಾಳಿ ಬೀಸಿದರೆ ಅದೂ ಇಲ್ಲ.

ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆ, ಮಾಡಿಸಿದ್ದೇನೆ. ಡೆಸಿಬಲ್ ಲೆಕ್ಕ ಹೀಗಿದೆ, ಅಂಕಿ ಜಾಸ್ತಿ ಆದಷ್ಟೂ ಕಿವಿ ಮಂದ. ಎಡಗಿವಿ: 500 ಹರ್ಟ್ಸ್‌ಗೆ 15, 1000ಕ್ಕೆ 20, 2000ಕ್ಕೆ 25, 4000ಕ್ಕೆ 50. ಬಲಗಿವಿ: 30, 35, 50, 70. ಪ್ರೆಸ್ಸು ನನ್ನ ಬಲಗಡೆಗೆ ಇತ್ತು. ಹಿಯರಿಂಗ್ ಏಡ್ ಹಾಕಿಕೊಳ್ಳಿ ಅಂದಿದ್ದಾರೆ, ಇನ್ನೂ ತೆಗೆದುಕೊಂಡಿಲ್ಲ. ಒಂದೊಂದು ಸಲ ಕಿವಿಯೊಳಗೇ ಕೀ ಅಂತ ಸದ್ದು ಬೇರೆ ಬರುತ್ತದೆ.

ಮಷೀನಿನ ಜೊತೆ ಬಂದ ಹಳೇ ಹೆಡ್‌ಫೋನ್ ಬಿಟ್ಟು ಬೇರೆ ತೆಗೆದುಕೊಳ್ಳಬೇಕು. ಯಾವುದು? ಅಥವಾ ನಾನೇ ಕಟ್ಟಿಕೊಳ್ಳಬಹುದಾ? ಸೋಲ್ಡರಿಂಗ್ ಕೈಗೆ ಬರುತ್ತದೆ.

ಮೆಲ್ಬರ್ನ್_ಮಂಡಕ್ಕಿ

ಅಂಕಲ್, ಒಳ್ಳೆ ನಾಯ್ಸ್ ಕ್ಯಾನ್ಸಲಿಂಗ್ ಬ್ಲೂಟೂತ್ ಹೆಡ್‌ಫೋನ್ ತಗೊಳ್ಳಿ, ಒಂದು ಟ್ರಾನ್ಸ್‌ಮಿಟರ್ ಚುಚ್ಚಿ. ವೈರ್ ಕಾಟ ಇಲ್ಲ. ಇಷ್ಟಕ್ಕೆಲ್ಲ ಸೋಲ್ಡರಿಂಗ್ ಯಾಕೆ?

ಎಸ್‌ಪಿ_ರೋಡ್_ಸೀನ

ಮಂಡಕ್ಕಿಯವರ ಮಾತು ಕೇಳಬೇಡಿ ಯಜಮಾನ್ರೆ. ಬಸ್ಸಿನಲ್ಲಿ ಹಾಡು ಕೇಳುವವರಿಗೆ ಅದು ಸರಿ.

ನಾನು ಬೆಂಡಿಗೋದಲ್ಲಿದ್ದೇನೆ. ಅದಕ್ಕೆ ಮೊದಲು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿದ್ದವನು. ಇಲ್ಲಿನ ಕೆಲವು ಮುದುಕರಿಗೆ ಹೆಡ್‌ಫೋನ್ ಕಟ್ಟಿಕೊಟ್ಟಿದ್ದೇನೆ. ಎಲ್ಲರದೂ ಒಂದೇ ಹಠ: ಸದ್ದು ಜೋರಾಗಬೇಕು. ನಾನು ಹೇಳುವುದೂ ಒಂದೇ: ಜೋರು ಬೇಡ, ಅಳತೆ ಬೇಕು.

ಮೊದಲು ಬ್ಲೂಟೂತ್ ವಿಷಯ ಮುಗಿಸುತ್ತೇನೆ. ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ನೀವು ಕಾಯಿಲ್ ಅನ್ನು (ಮಷೀನಿನ ತುದಿಯ ತಟ್ಟೆ) ಸೆಕೆಂಡಿಗೆ ಅರ್ಧ ಮೀಟರ್ ಬೀಸಿದರೂ, ಸದ್ದು ಕಿವಿಗೆ ಬರುವಾಗ ಕಾಯಿಲ್ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ವಾಪಸ್ ಬೀಸಿದರೆ ಆ ಕಡೆಗೆ 10. ಚಿನ್ನ ಎಲ್ಲಿದೆ ಅಂತ ಎರಡು ಗುಂಡಿ ತೋಡಿ. ಲೋ ಲೇಟೆನ್ಸಿ, ಅಂದರೆ ತಡ ಕಮ್ಮಿ ಇರುವ ಮಾಲು ಇದೆ, 40 ಮಿಲಿಸೆಕೆಂಡ್ ಆಸುಪಾಸು. ಅದು ನಡೆಯುತ್ತದೆ, ಆದರೆ ಟ್ರಾನ್ಸ್‌ಮಿಟರು, ಹೆಡ್‌ಫೋನು ಎರಡಕ್ಕೂ ಅದು ಇರಬೇಕು.

ತಡಕ್ಕಿಂತ ದೊಡ್ಡ ತಾಪತ್ರಯ ಇನ್ನೊಂದಿದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಎಷ್ಟೋ ವೈರ್‌ಲೆಸ್ ಸೆಟ್‌ಗಳು ಸದ್ದು ತೀರಾ ಸಣ್ಣಗಾದರೆ "ಹಾಡು ನಿಂತಿತು" ಅಂತ ತಿಳಿದು ತಾವೇ ಮ್ಯೂಟ್ ಆಗುತ್ತವೆ. ನಿಮಗೆ ಬೇಕಿರುವುದೇ ಆ ಸಣ್ಣ ಗುಂಯ್! ನಾಯ್ಸ್ ಕ್ಯಾನ್ಸಲಿಂಗ್ ಕಥೆಯೂ ಅಷ್ಟೇ. ವಿಮಾನದೊಳಗೆ ಚೆನ್ನ. ಬಯಲಿನಲ್ಲಿ ಗಾಳಿ ನೇರ ಅದರ ಮೈಕಿಗೇ ಬಡಿಯುತ್ತದೆ, ಬುರ್ರ್ ಅನ್ನುತ್ತದೆ. ಜೊತೆಗೆ ನಿಮ್ಮದು ಪಲ್ಸ್ ಇಂಡಕ್ಷನ್ ಮಷೀನು, ನೆಲಕ್ಕೆ ಕಾಂತದ ಮಿಡಿತ ಕಳಿಸಿ ಲೋಹ ಹುಡುಕುವುದು. ಜೇಬಿನ ಮೊಬೈಲಿಗೇ ಮುನಿಸಿಕೊಳ್ಳುತ್ತದೆ. ಅದರ ಪಕ್ಕ ಇನ್ನೊಂದು ಟ್ರಾನ್ಸ್‌ಮಿಟರ್ ಯಾಕೆ ಕಟ್ಟುತ್ತೀರಿ?

ವೈರೇ ಸರಿ. ಈಗ ಕಿವಿಗೆ ಬರೋಣ.

ಥ್ರೆಶೋಲ್ಡ್ ಗುಂಯ್ ಅನ್ನುವುದು ತಂಬೂರಿ ಶ್ರುತಿ ಇದ್ದ ಹಾಗೆ. ಕಛೇರಿಯಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ, ಆದರೆ ಒಂಚೂರು ಸರಿದರೆ ಎಲ್ಲರ ಮುಖವೂ ತಿರುಗುತ್ತದೆ. ನಿಮ್ಮ ಗುಂಯ್ ಕೂಡ ಕೇಳಿಯೂ ಕೇಳದ ಹಾಗೆ ನಿಲ್ಲಬೇಕು. ಜೋರಾಗಿ ಇಟ್ಟುಕೊಂಡರೆ ಸಣ್ಣ ಕುಸಿತ ಅದರೊಳಗೇ ಮುಳುಗಿಹೋಗುತ್ತದೆ. ಒಳ್ಳೆ ಕಿವಿಗೂ ಸುಮಾರು 1 ಡೆಸಿಬಲ್‌ಗಿಂತ ಕಮ್ಮಿ ಏರಿಳಿತ ಗೊತ್ತಾಗುವುದು ಕಷ್ಟ. ಆದರೆ ಸ್ವರ ಸರಿದರೆ ಕಿವಿ ಬಹಳ ಬೇಗ ಹಿಡಿಯುತ್ತದೆ. 500ರಿಂದ 1000 ಹರ್ಟ್ಸ್ ಆಸುಪಾಸಿನಲ್ಲಿ ಮೂರ್ನಾಲ್ಕು ಹರ್ಟ್ಸ್ ಸರಿದರೂ ಸಾಕು.

ನಿಮ್ಮ ಆಡಿಯೋಗ್ರಾಂನಲ್ಲಿ ಹಾಳಾಗಿರುವುದು ಮೇಲಿನ ಸ್ವರ. ಕೆಳಗೆ, 500 ಹತ್ತಿರ, ಎಡಗಿವಿ ಹುಡುಗರ ಕಿವಿಯಷ್ಟೇ ಚೆನ್ನಾಗಿದೆ. ಅಂದಮೇಲೆ ಒಂದು ಕಾಸೂ ಖರ್ಚು ಮಾಡುವ ಮೊದಲು ಮಷೀನಿನ ಆಡಿಯೋ ಟೋನ್ ಸೆಟ್ಟಿಂಗ್‌ಗೆ ಹೋಗಿ ಗುಂಯ್ ಅನ್ನು ಕೆಳಗಿಳಿಸಿ. ತೀರಾ ಕೆಳಗೂ ಬೇಡ. ಗಾಳಿ ಸದ್ದೂ ಅಲ್ಲೇ ಇರುತ್ತದೆ, ನಮ್ಮ ಕಿವಿಯೂ ಅಲ್ಲಿ ಮಂಕು.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಹೀಗೆ ನೋಡಿ. ಒಂದು ಸೀಸದ ಚರೆಯನ್ನು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ. ನೆಲದ ಮೇಲೆ ರಟ್ಟು, ರಟ್ಟಿನ ಕೆಳಗೆ ಆ ಕಡ್ಡಿ. ಕಾಯಿಲ್ ಅನ್ನು ಮೇಲೆ ಮೇಲೆ ಎತ್ತುತ್ತಾ ಸದ್ದು ಇನ್ನೇನು ಹೋಯಿತು ಅನ್ನುವ ಎತ್ತರದಲ್ಲಿ ಬೀಸಿ. ಆಮೇಲೆ ನೀವು ಆ ಕಡೆ ತಿರುಗಿ ನಿಲ್ಲಿ. ಮಗ ಕಡ್ಡಿ ಇಡಲಿ ಅಥವಾ ಇಡದೆ ಸುಮ್ನೆ ಇಡುವ ನಾಟಕ ಮಾಡಲಿ. ಇದೆಯಾ ಇಲ್ಲವಾ ಅಂತ ನೀವು ಹೇಳಿ. ಟೋನ್ ಬದಲಿಸಿ ಮತ್ತೆ ಮಾಡಿ. ಎಲ್ಲಿ ಜಾಸ್ತಿ ಸಲ ಸರಿ ಬರುತ್ತದೋ ಅದೇ ನಿಮ್ಮ ಟೋನ್. ಚರೆ ಇದೆ ಅಂತ ಮೊದಲೇ ಗೊತ್ತಿದ್ದರೆ ಎಲ್ಲರಿಗೂ ಕೇಳುತ್ತದೆ, ಅದಕ್ಕೇ ಮಗ ಬೇಕು. ಈ ಆಟಕ್ಕೆ ಒಂದು ಸಂಜೆ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಇನ್ನರ್ಧ ಕಟ್ಟುವ ಕೆಲಸ.

ಕಿವಿ ಮುಚ್ಚುವ ಚಿಪ್ಪಿಗೆ: ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಸದ್ದು ತಡೆಯುವ ಕಾರ್ಖಾನೆ ಇಯರ್‌ಮಫ್. ಇಲ್ಲಿ ಅದಕ್ಕೆ 1ರಿಂದ 5ರವರೆಗೆ ಕ್ಲಾಸ್ ಇದೆ. ಕ್ಲಾಸ್ 5 ಅಂದರೆ 26 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ತಡೆಯುತ್ತದೆ. ಆದರೆ ಭಾರ, ತಲೆ ಹಿಂಡುತ್ತದೆ, ಬೇಸಿಗೆಯಲ್ಲಿ ಬೆವರು. ನಿಮಗೆ ಕ್ಲಾಸ್ 3 ಸಾಕು, ಅದು 18ರಿಂದ 21. ಕನ್ನಡಕ ಹಾಕುತ್ತೀರಾ? ಹಾಗಾದರೆ ಮೆತ್ತೆ ದಪ್ಪ ಇರುವುದು ನೋಡಿ. ಕನ್ನಡಕದ ಕಡ್ಡಿ ಮೆತ್ತೆಯಡಿ ಸಂದಿ ಮಾಡುತ್ತದೆ. ಆ ಸಂದಿಯಲ್ಲಿ ಗಾಳಿ ಸದ್ದು ಒಳಗೆ, ನಿಮ್ಮ ಗುಂಯ್ ಹೊರಗೆ.

ಸ್ಪೀಕರಿಗೆ: ಯಾವುದಾದರೂ ಹಳೇ ಹೆಡ್‌ಫೋನಿನ 40 ಮಿಲಿಮೀಟರ್ ಡ್ರೈವರ್, 32 ಓಮ್. ಡಬ್ಬಿ ಮುಚ್ಚಳದ ಪ್ಲಾಸ್ಟಿಕ್ಕನ್ನು ಚಿಪ್ಪಿನ ಬಾಯಿಗೆ ಸರಿಯಾಗಿ ಕತ್ತರಿಸಿ, ನಡುವೆ ಡ್ರೈವರ್‌ಗೆ ತೂತು ಮಾಡಿ, ಸುತ್ತ ಹಾಟ್ ಗ್ಲೂ. ಒಳಗಿದ್ದ ಫೋಮ್ ಬಿಸಾಡಬೇಡಿ, ಡ್ರೈವರ್ ಹಿಂದೆ ತುಂಬಿ. ವೈರಿಗೆ ಕೊರೆದ ತೂತಿಗೆ ರಬ್ಬರ್ ಬಳೆ ಹಾಕಿ, ಒಳಗಡೆ ಒಂದು ಗಂಟು ಹಾಕಿ ಎಳೆಯಿರಿ. ಪೊದೆಗೆ ವೈರ್ ಸಿಕ್ಕಿದಾಗ ಎಳೆತ ಗಂಟಿಗೆ ಬೀಳಬೇಕು, ಸೋಲ್ಡರಿಗೆ ಬೀಳಬಾರದು.

ಈಗ ಮುಖ್ಯವಾದದ್ದು. 500ರಲ್ಲೂ 1000ದಲ್ಲೂ ನಿಮ್ಮ ಎರಡು ಕಿವಿಗಳ ನಡುವೆ 15 ಡೆಸಿಬಲ್ ಅಂತರ. ಅಂಗಡಿ ಹೆಡ್‌ಫೋನ್ ಎರಡಕ್ಕೂ ಒಂದೇ ಸದ್ದು ಕೊಡುತ್ತದೆ. ಬಲಗಿವಿಗೆ ಸಾಕಾಗುವಷ್ಟು ಏರಿಸಿದರೆ ಎಡಗಿವಿಗೆ ವಿಪರೀತ. ಅದಕ್ಕೆ ಒಳ್ಳೆ ಕಿವಿಗೆ ಕಡಿವಾಣ ಹಾಕಬೇಕು. ಎಡ ಡ್ರೈವರಿನ ಸರಣಿಯಲ್ಲಿ 33 ಓಮ್ ರೆಸಿಸ್ಟರ್ ಹಾಕಿದರೆ, ಮುಂದೆ ಹೇಳುವ 47 ಓಮ್ ಕೂಡ ಇರುವುದರಿಂದ, ಸುಮಾರು 3 ಡೆಸಿಬಲ್ ಇಳಿಯುತ್ತದೆ, 100 ಓಮ್ ಹಾಕಿದರೆ 7. ಒಂದು ಸಣ್ಣ ಮೂರು ಸ್ಥಾನದ ಸ್ವಿಚ್ ಇಟ್ಟು ಮೂರನ್ನೂ ಕೊಟ್ಟುಬಿಡಿ: ನೇರ, 33, 100. ತಿರುಗಿಸುವ ವಾಲ್ಯೂಮ್ ಕಂಟ್ರೋಲ್ ಬೇಡ. ಕೆಂಪು ಧೂಳು ಹೊಕ್ಕರೆ ಕರಕರ ಅನ್ನುತ್ತದೆ, ಆ ಕರಕರವನ್ನೇ ನೀವು ಚಿನ್ನ ಅಂದುಕೊಳ್ಳುತ್ತೀರಿ.

ಪಟಾಕಿ ಸದ್ದಿಗೆ ಡಯೋಡ್. ಪ್ಲಗ್‌ನಿಂದ ಬರುವ ವೈರಿಗೆ ಮೊದಲು 47 ಓಮ್, ಅದಾದ ಮೇಲೆ ಗ್ರೌಂಡ್ ವೈರಿಗೆ ಎರಡು 1ಎನ್4148 ಡಯೋಡ್, ಒಂದರ ಮುಖ ಆ ಕಡೆ, ಇನ್ನೊಂದರದು ಈ ಕಡೆ. ಆಮೇಲೆ ಸ್ವಿಚ್ಚು, ಆಮೇಲೆ ಡ್ರೈವರ್. ವೋಲ್ಟೇಜ್ 0.6 ದಾಟುತ್ತಿದ್ದ ಹಾಗೆ ಡಯೋಡ್ ಹಿಡಿದು ನಿಲ್ಲಿಸುತ್ತದೆ. ಗುಂಯ್ ಇರುವುದು ಮಿಲಿವೋಲ್ಟ್ ಲೆಕ್ಕದಲ್ಲಿ, ಅದಕ್ಕೆ ಡಯೋಡ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಒಂದು ಮಿಲಿವಾಟಿಗೆ 100 ಡೆಸಿಬಲ್ ಕೊಡುವ ಡ್ರೈವರ್ ಆದರೆ, 100 ಓಮ್ ಸ್ಥಾನದಲ್ಲಿ ಎಡಗಿವಿಗೆ ಎಷ್ಟೇ ಕೂಗಿದರೂ ಸುಮಾರು 98ಕ್ಕೆ ನಿಲ್ಲುತ್ತದೆ. ಬಲಗಡೆ ರೆಸಿಸ್ಟರ್ ಇಲ್ಲವಲ್ಲ, ಅಲ್ಲಿ ಅದೇ ಡಯೋಡ್ ಹಾಕಿದರೆ 110ರವರೆಗೆ ಹೋಗುತ್ತದೆ. ಅಲ್ಲಿಗೆ ಶಾಟ್ಕಿ ಡಯೋಡ್ ಹಾಕಿ, 1ಎನ್5819. ಅದು 0.2, 0.3 ವೋಲ್ಟಿಗೇ ಹಿಡಿಯುತ್ತದೆ. ಎರಡೂ ಕಡೆಗೆ ಬೇರೆ ಬೇರೆ 47 ಓಮ್ ಇರಲಿ, ಇಲ್ಲದಿದ್ದರೆ ಶಾಟ್ಕಿ ಎರಡನ್ನೂ ಒಟ್ಟಿಗೆ ಎಳೆಯುತ್ತದೆ. ಎಲ್ಲ ಸಾಮಾನೂ ಜೇಕಾರ್ ಅಂಗಡಿಯಲ್ಲಿ ಸಿಗುತ್ತದೆ. ಎಸ್‌ಪಿ ರೋಡ್ ರೇಟು ಮಾತ್ರ ಅಲ್ಲಿ ಕೇಳಬೇಡಿ.

ರೆಡಿಮೇಡೇ ಬೇಕು ಅಂದರೆ ಮೂರು ನೋಡಿ: ಎಡಬಲಕ್ಕೆ ಬೇರೆ ಬೇರೆ ವಾಲ್ಯೂಮ್, ಮುಚ್ಚಿದ ಚಿಪ್ಪು, ಸದ್ದಿಗೆ ಲಿಮಿಟರ್. ಬಾಕ್ಸ್ ಮೇಲೆ ಬರೆದ 20ರಿಂದ 20,000 ಹರ್ಟ್ಸ್ ಅನ್ನುವುದೆಲ್ಲ ನಮಗೆ ಬೇಕಿಲ್ಲ.

ಶ್ರವಣ_ಮೈಸೂರು

ನಾನು ಆಡಿಯಾಲಜಿಸ್ಟ್. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು, ಈಗ ಅಡಿಲೇಡ್‌ನಲ್ಲಿ ಕೆಲಸ. ಸೀನ ಅವರ ಸರ್ಕ್ಯೂಟ್ ಬಗ್ಗೆ ನಾನು ಮಾತಾಡುವುದಿಲ್ಲ, ಕಿವಿ ಬಗ್ಗೆ ಕೆಲವು ಮಾತು.

ಅಂಕಲ್, ಹೆಡ್‌ಫೋನ್‌ಗಿಂತ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬಲಗಿವಿ ಎಲ್ಲ ಸ್ವರದಲ್ಲೂ ಎಡಗಿವಿಗಿಂತ 15ರಿಂದ 25 ಡೆಸಿಬಲ್ ಮಂದ. ಪ್ರೆಸ್ ಬಲಗಡೆ ಇತ್ತು ಅನ್ನುವುದು ಕಾರಣ ಇರಬಹುದು. ಆದರೆ ಕಾರ್ಖಾನೆ ಸದ್ದಿಗೆ ಸಾಮಾನ್ಯವಾಗಿ ಎರಡೂ ಕಿವಿ ಹೆಚ್ಚುಕಮ್ಮಿ ಒಂದೇ ಥರ ಹೋಗುತ್ತವೆ. ಒಂದೇ ಕಡೆ ಇಷ್ಟು ಅಂತರ, ಜೊತೆಗೆ ಕೀ ಅನ್ನುವ ಸದ್ದು ಇದ್ದರೆ ಇಎನ್‌ಟಿ ಡಾಕ್ಟರ್ ನೋಡಲೇಬೇಕು. ಬೇಕಾದರೆ ಅವರು ಎಂಆರ್‌ಐ ಬರೆಯುತ್ತಾರೆ. ಹೆಚ್ಚಿನವರಿಗೆ ಏನೂ ಇರುವುದಿಲ್ಲ. ನೋಡಿಸಿಕೊಂಡು ಬಿಡಿ. ಗುಗ್ಗೆ ಕಟ್ಟಿದೆಯಾ ಅಂತಲೂ ನೋಡಲಿ.

ಜೋರು ಮಾಡಿದರೆ ಒಮ್ಮೆಲೇ ಪಟಾಕಿ ಹೊಡೆದ ಹಾಗೆ ಆಗುತ್ತದೆ ಅಂದಿರಲ್ಲ, ಅದು ನಿಮ್ಮ ಸೂಕ್ಷ್ಮತನ ಅಲ್ಲ. ಒಳಗಿವಿಯ ರೋಮಕೋಶ ಹಾಳಾದವರಿಗೆ ಸಣ್ಣ ಸದ್ದು ಕೇಳುವುದಿಲ್ಲ, ದೊಡ್ಡ ಸದ್ದು ಮಾತ್ರ ಎಲ್ಲರಷ್ಟೇ ದೊಡ್ಡದಾಗಿ ಕೇಳುತ್ತದೆ. ನಡುವಿನ ಜಾಗ ಕಿರಿದು. ಅದಕ್ಕೆ ರಿಕ್ರೂಟ್‌ಮೆಂಟ್ ಅನ್ನುತ್ತೇವೆ. ಮಂದ ಇರುವ ಕಿವಿಗೇ ಲಿಮಿಟರ್ ಜಾಸ್ತಿ ಬೇಕು. ಅಲ್ಲಿಗೆ ಶಾಟ್ಕಿ ಅಂದದ್ದು ನನಗೆ ಇಷ್ಟವಾಯಿತು.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿ. ಗುಂಯ್ ಅನ್ನು ಎಡಗಿವಿಗೆ ಮಾತ್ರ ಕೇಳಿಸಿ, ಆಮೇಲೆ ಬಲಗಿವಿಗೆ ಮಾತ್ರ. ಒಂದೇ ಸ್ವರ ಕೇಳುತ್ತದಾ? ಒಂದು ಕಿವಿ ಜಾಸ್ತಿ ಹೋದವರಲ್ಲಿ ಕೆಲವರಿಗೆ ಅದೇ ಸ್ವರ ಎರಡು ಕಿವಿಗೆ ಎರಡು ಥರ ಕೇಳುತ್ತದೆ. ಹಾಗಿದ್ದರೆ ಎರಡೂ ಕಿವಿಗೆ ಕೊಡಬೇಡಿ, ಸ್ವರ ತೇಲಾಡಿದ ಹಾಗೆ ಆಗುತ್ತದೆ. ಎಡಗಿವಿಗೆ ಮಾತ್ರ ಕೊಡಿ. ಎರಡೂ ಕಿವಿ ಸೇರಿದರೆ ಸಣ್ಣ ಸದ್ದಿಗೆ ಸಿಗುವ ಲಾಭ ಸುಮಾರು 3 ಡೆಸಿಬಲ್, ಅದು ಹೋದರೆ ಹೋಗಲಿ.

ಹಿಯರಿಂಗ್ ಏಡ್ ತೆಗೆದುಕೊಂಡ ಮೇಲೆ ಅದನ್ನು ಹಾಕಿಕೊಂಡೇ ಮೇಲೆ ಹೆಡ್‌ಫೋನ್ ಇಡೋಣ ಅನಿಸುತ್ತದೆ. ಸುಮ್ನೆ ಹಾಗೆ ಮಾಡಬೇಡಿ. ಈಗಿನ ಏಡ್‌ಗಳಲ್ಲಿ ಸಿಳ್ಳೆ ಸದ್ದು ತಡೆಯುವ ವ್ಯವಸ್ಥೆ ಇರುತ್ತದೆ. ಒಂದೇ ಸ್ವರದಲ್ಲಿ ಎಳೆಯುವ ಗುಂಯ್ ಅನ್ನು ಅದು ಸಿಳ್ಳೆ ಅಂತ ತಿಳಿದು ಅಳಿಸಲು ಹೋಗುತ್ತದೆ, ಇಲ್ಲವೇ ಅದನ್ನೇ ನಡುಗಿಸುತ್ತದೆ. ಗದ್ದಲ ಕಮ್ಮಿ ಮಾಡುವ ಪ್ರೋಗ್ರಾಂ ಅಂತೂ ಮಾತಲ್ಲದ ಎಲ್ಲವನ್ನೂ ಕೆಳಗಿಳಿಸುತ್ತದೆ. ಡಿಟೆಕ್ಟರಿಗೆ ಅಂತಲೇ ಒಂದು ಬೇರೆ ಪ್ರೋಗ್ರಾಂ ಕೇಳಿ, ಈ ಎರಡೂ ಆಫ್ ಇರಲಿ. ಡಿಟೆಕ್ಟರನ್ನೇ ಜೊತೆಗೆ ಒಯ್ಯಿರಿ. ಕ್ಲಿನಿಕ್‌ನವರು ನಗಬಹುದು, ಪರವಾಗಿಲ್ಲ. ಅಥವಾ ಚಿನ್ನ ಹುಡುಕುವಾಗ ಏಡ್ ತೆಗೆದು ಡಬ್ಬಿಯಲ್ಲಿಡಿ. ನಿಮ್ಮ ಎಡಗಿವಿಗೆ 500 ಹರ್ಟ್ಸ್‌ನಲ್ಲಿ ಏಡ್ ಬೇಕಾಗಿಯೇ ಇಲ್ಲ.

ಕೀ ಸದ್ದು ಬರುವ ದಿನ ಟೋನ್ ಇನ್ನಷ್ಟು ಕೆಳಗಿರಲಿ. ಎರಡು ಸದ್ದೂ ದೂರ ದೂರ ಇದ್ದರೆ ಕಿವಿಗೆ ಗೊಂದಲ ಕಮ್ಮಿ. ಮತ್ತೆ, ದಿನವಿಡೀ ಹಾಕಿಕೊಳ್ಳುವವರಿಗೆ: 85 ಡೆಸಿಬಲ್‌ಗೆ 8 ಗಂಟೆ ಮಿತಿ, 3 ಏರಿದರೆ ಸಮಯ ಅರ್ಧ. ಇರುವ ಕಿವಿಯನ್ನಾದರೂ ಉಳಿಸಿಕೊಳ್ಳಿ.

ಬಲರಾಟ್_ಬಸು

ಎಲ್ಲಾ ಸರಿ ರೀ, ಹಾವಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಬೇಸಿಗೆಯಲ್ಲಿ ಆ ಕಡೆ ಈಸ್ಟರ್ನ್ ಬ್ರೌನ್ ಓಡಾಡುತ್ತದೆ. ಎರಡೂ ಕಿವಿ ಮುಚ್ಚಿಕೊಂಡು ನೆಲ ನೋಡುತ್ತಾ ಹೋದರೆ ಒಣ ಎಲೆ ಸರಸರ ಅನ್ನುವುದು ಕೇಳುವುದಿಲ್ಲ. ನಾನು ಹೆಡ್‌ಫೋನ್ ಬಿಟ್ಟು ಹೆಗಲ ಪಟ್ಟಿಗೆ ಎರಡು ಸಣ್ಣ ಸ್ಪೀಕರ್ ಕಟ್ಟಿಕೊಂಡಿದ್ದೇನೆ, ಸದ್ದು ಏರಿಸುವ ಒಂದು ಬೂಸ್ಟರ್ ಜೊತೆ. ತಂಪಾಗಿ ಇರುತ್ತದೆ, ಗೆಳೆಯರ ಜೊತೆ ಮಾತಾಡಬಹುದು. ಯಜಮಾನ್ರಿಗೂ ಇದೇ ಚಲೋ.

ಎಸ್‌ಪಿ_ರೋಡ್_ಸೀನ

ಬಸಣ್ಣ, ನಿಮ್ಮ ಕಿವಿ ನಲವತ್ತರದ್ದು. ಗಾಳಿ ಇಲ್ಲದ ಬೆಳಿಗ್ಗೆ ಸ್ಪೀಕರ್ ನಡೆಯುತ್ತದೆ, ಒಪ್ಪಿದೆ. ಮಧ್ಯಾಹ್ನ ಐರನ್‌ಬಾರ್ಕ್ ಮರ ಅಲ್ಲಾಡಲು ಶುರುವಾದರೆ ಅಕ್ಕಿಕಾಳಿನ ಸದ್ದು ಹೆಗಲಿನಿಂದ ಕಿವಿಗೆ ಬರುವಷ್ಟರಲ್ಲಿ ಸತ್ತುಹೋಗಿರುತ್ತದೆ. ಇನ್ನೊಂದು, ಹೆಗಲಿನ ಸ್ಪೀಕರಿನಲ್ಲಿ ಮ್ಯಾಗ್ನೆಟ್ ಇದೆ. ಅಗೆಯಲು ಬಗ್ಗಿದಾಗ ಅದು ಕಾಯಿಲ್ ಹತ್ತಿರ ತೂಗಿ ಕೂಗಿಸುತ್ತದೆ.

ಶ್ರವಣ_ಮೈಸೂರು

ಬಸು ಅವರು ಹೇಳಿದ ಭಯ ಸರಿ, ಆದರೆ ಅಂಕಲ್ ಕಿವಿಗೆ ಅದು ಹೊಂದುವುದಿಲ್ಲ. ಒಣ ಎಲೆಯ ಸರಸರದಲ್ಲಿ ಹೆಚ್ಚಾಗಿ ಮೇಲಿನ ಸ್ವರಗಳೇ ಇರುತ್ತವೆ. ಅವರಿಗೆ ಹೋಗಿರುವುದೂ ಅದೇ. ಹೆಡ್‌ಫೋನ್ ತೆಗೆದಿಟ್ಟರೂ ಹಾವು ಸರಿದದ್ದು ಅವರಿಗೆ ಕೇಳುವುದು ಕಷ್ಟ. ಕಿವಿ ನಂಬಬೇಡಿ ಅಂಕಲ್. ಮಂಡಿವರೆಗಿನ ಗೇಟರ್ (ಕಾಲಿಗೆ ಸುತ್ತುವ ಗಟ್ಟಿ ಕವಚ) ಹಾಕಿ, ಜೊತೆಗಾರ ಇಲ್ಲದೆ ಹೋಗಬೇಡಿ, ಬೇಸಿಗೆ ಬಿಟ್ಟು ಚಳಿಗಾಲದಲ್ಲಿ ಹೋಗಿ.

ಬೇತಮಂಗಲ_ಬಾಬು

ನಮ್ಮಜ್ಜ ಕೆಜಿಎಫ್ ಗಣಿಯಲ್ಲಿದ್ದವರು, ಡ್ರಿಲ್ಲಿಂಗ್ ಕೆಲಸ. ಅವರ ಜೊತೆ ಕೂಗಿಯೇ ಮಾತಾಡಬೇಕಿತ್ತು. 2001ರಲ್ಲಿ ಗಣಿ ಮುಚ್ಚಿದರಲ್ಲ, ಈಗ ಆ ಸೈನೈಡ್ ದಿಬ್ಬದ ಸುತ್ತ ಇಂಥ ಮಷೀನು ಹಿಡಿದು ನೋಡಬಹುದಾ?

ಎಸ್‌ಪಿ_ರೋಡ್_ಸೀನ

ಬೇಡ. ಇಲ್ಲಿಯ ಮೈನರ್ಸ್ ರೈಟ್ ಥರದ್ದು ಅಲ್ಲಿ ಇಲ್ಲ. ಆ ದಿಬ್ಬದಲ್ಲಿರುವ ಚಿನ್ನ ಹಿಟ್ಟಿಗಿಂತ ನುಣ್ಣಗೆ, ಯಾವ ಡಿಟೆಕ್ಟರಿಗೂ ಕೇಳುವುದಿಲ್ಲ. ಇನ್ನು ಹಳೇ ಕೋಟೆ, ಗುಡಿ ಹತ್ತಿರ ಮಷೀನು ಹಿಡಿದು ನಿಂತರೆ ನಿಧಿಗಳ್ಳ ಅಂತ ಊರವರೇ ಹಿಡಿದುಕೊಡುತ್ತಾರೆ, ಅದು ಸರಿಯೇ. ಅಜ್ಜನ ಕಿವಿ ಕಥೆ ಬೇರೆ ಥ್ರೆಡ್‌ನಲ್ಲಿ ಬರೆಯಿರಿ, ಓದುತ್ತೇನೆ.

ತುಂಗಭದ್ರೆ_ದಂಡೆ

ಎಲ್ಲರಿಗೂ ಧನ್ಯವಾದ. ಇಎನ್‌ಟಿ ಹತ್ತಿರ ಟೈಮ್ ತೆಗೆದುಕೊಂಡಿದ್ದೇನೆ ಮೇಡಂ.

ಐಸ್‌ಕ್ರೀಮ್ ಕಡ್ಡಿ ಆಟ ಹಿತ್ತಲಲ್ಲಿ ನಡೆಯಲಿಲ್ಲ. ಮನೆ ಸುತ್ತ ಕರೆಂಟ್ ವೈರು, ಮಷೀನು ಸುಮ್ಮನೆ ಇರುವುದೇ ಇಲ್ಲ. ಊರಾಚೆ ಒಂದು ಪಾರ್ಕಿಗೆ ಹೋಗಿ ಬೆಂಚಿನ ಪಕ್ಕ ಮಾಡಿದೆವು. ಮಗ ಕಡ್ಡಿ ಇಡುವುದರಲ್ಲಿ ಬಹಳ ಮೋಸಗಾರ. ಟೋನ್ ಮೊದಲಿದ್ದ ಜಾಗದಲ್ಲಿ ನಾನು ಹೇಳಿದ್ದು ಹೆಚ್ಚುಕಮ್ಮಿ ಚೀಟಿ ಎತ್ತಿದ ಹಾಗೆ. ಕೆಳಗಿಳಿಸಿದ ಮೇಲೆ ಹೆಚ್ಚಿನ ಸಲ ಸರಿ ಬಂತು. ಏರಿದ್ದು ಗೊತ್ತಾಗಲಿಲ್ಲ, ಕುಸಿದದ್ದು ಗೊತ್ತಾಯಿತು. ಇದು ಯಾಕೆ?

ಮೇಡಂ ಹೇಳಿದ ಎಡಬಲ ಪರೀಕ್ಷೆಯಲ್ಲಿ ಬಲಗಿವಿಗೆ ಅದೇ ಗುಂಯ್ ಒಂಚೂರು ಮೇಲಿನ ಸ್ವರದಲ್ಲಿ ಕೇಳುತ್ತದೆ, ಜೊತೆಗೆ ಬಿರುಕು ಬಿಟ್ಟ ಹಾಗೆ. ಎರಡೂ ಹಾಕಿದರೆ ಅಲೆ ಅಲೆ ಬರುತ್ತದೆ. ಇಷ್ಟು ದಿನ ನೆಲದ ದೋಷ ಅಂದುಕೊಂಡಿದ್ದೆ.

ಹಾಗಾದರೆ ಎಡಗಡೆ ಒಂದೇ ಡ್ರೈವರ್ ಸಾಕಾ? ಬಲಗಡೆ ಬರೀ ಮಫ್ ಬಿಡಲಾ? ಇನ್ನೊಂದು: ನನ್ನ ಹತ್ತಿರ ಒಂದು ಹಳೇ ಮೊನೋ ಪ್ಲಗ್ ಇದೆ, ಅದನ್ನೇ ಹಾಕಿದರೆ ನಡೆಯುತ್ತದಾ?

ಎಸ್‌ಪಿ_ರೋಡ್_ಸೀನ

ಮೊನೋ ಪ್ಲಗ್ ಮುಟ್ಟಬೇಡಿ. ಮಷೀನಿನ ಸಾಕೆಟ್ ಸ್ಟೀರಿಯೋ ಆಗಿದ್ದರೆ ಅದು ಒಂದು ಚಾನೆಲ್ಲನ್ನು ನೇರ ಗ್ರೌಂಡಿಗೆ ಶಾರ್ಟ್ ಮಾಡುತ್ತದೆ. 6.35 ಮಿಲಿಮೀಟರಿನ ಸ್ಟೀರಿಯೋ ಪ್ಲಗ್ ಹೊಸದು ತನ್ನಿ, ಮೂತಿ ಅಡ್ಡಕ್ಕೆ ತಿರುಗಿದ್ದು. ನೇರ ಪ್ಲಗ್ ಪೊದೆಗೆ ಸಿಕ್ಕಿ ಸಾಕೆಟ್ಟನ್ನೇ ಕಿತ್ತುಕೊಂಡು ಬರುತ್ತದೆ. ತುದಿಯ ವೈರಿನಿಂದ ಎಡ ಡ್ರೈವರಿಗೆ ಕೊಡಿ. ನಡುವಿನ ಬಳೆಯ ವೈರಿನಿಂದ ಬಲಗಡೆಗೆ ಕೊಡಿ, ಆದರೆ ನಡುವೆ ಒಂದು ಆನ್ ಆಫ್ ಸ್ವಿಚ್. ಈಗ ಆಫ್ ಇರಲಿ. ಬಲ ಡ್ರೈವರ್ ಕೂರಿಸಿಬಿಡಿ, ಮುಂದೆ ಬೇರೆಯವರಿಗೆ ಕೊಡುವಾಗ ಬೇಕಾಗುತ್ತದೆ. ಸದ್ಯಕ್ಕೆ ಎಡಗಿವಿಗೆ ನೇರ ಸ್ಥಾನ ಸಾಕು, 33 ಕೂಡ ಬೇಡ. ಹಾಗಾಗಿ ಎಡಗಡೆಗೂ ಶಾಟ್ಕಿಯನ್ನೇ ಹಾಕಿ.

ಬಲ ಆನ್ ಮಾಡಿ ನೋಡುವ ದಿನ ಪೊಲಾರಿಟಿ, ಅಂದರೆ ಡ್ರೈವರಿನ ಪ್ಲಸ್ ಮೈನಸ್, ಪರೀಕ್ಷಿಸಿ. ಎರಡೂ ಸರಿಯಿದ್ದರೆ ಗುಂಯ್ ತಲೆಯ ನಡುವೆ ಕೂರುತ್ತದೆ. ಒಂದು ತಿರುವುಮುರುವಾಗಿದ್ದರೆ ಸದ್ದು ತಲೆಯಾಚೆ ಹರಡಿದ ಹಾಗೆ, ತೆಳ್ಳಗೆ ಕೇಳುತ್ತದೆ. ನಿಮ್ಮ ಕಿವಿಗೆ ಇದು ತಿಳಿಯದೇ ಇರಬಹುದು, ಮಗನಿಗೆ ಹಾಕಿ ಕೇಳಿ.

ಕುಸಿತ ಗೊತ್ತಾಗಿ ಏರಿಕೆ ಗೊತ್ತಾಗದಿರುವುದು ಕೆಲವರ ಕಿವಿಯ ರೂಢಿ. ಜಿಪಿಎಕ್ಸ್‌ನಲ್ಲಿ ರೆಸ್ಪಾನ್ಸ್ ಅಂತ ಒಂದು ಸೆಟ್ಟಿಂಗ್ ಇದೆ, ನಾರ್ಮಲ್ ಮತ್ತು ಇನ್ವರ್ಟೆಡ್. ಇನ್ವರ್ಟೆಡ್ ಮಾಡಿದರೆ ಏರುವುದು ಇಳಿಯುತ್ತದೆ, ಇಳಿಯುವುದು ಏರುತ್ತದೆ. ಎರಡನ್ನೂ ಅದೇ ಕಡ್ಡಿ ಇಟ್ಟು ನೋಡಿ. ಯಾವುದು ನಿಮ್ಮ ಕಿವಿಗೆ ಬೇಗ ಸಿಗುತ್ತದೋ ಅದನ್ನೇ ಇಟ್ಟುಕೊಳ್ಳಿ, ಜೊತೆಗೆ ಬರುವ ಹುಡುಗನ ಸೆಟ್ಟಿಂಗ್ ಕಾಪಿ ಹೊಡೆಯಬೇಡಿ.

ಬಲರಾಟ್_ಬಸು

ಸೀನಣ್ಣ, ಇಷ್ಟೆಲ್ಲ ಓದಿದ ಮೇಲೆ ನನಗೂ ಒಂದು ಬೇಕು ಅನಿಸುತ್ತಿದೆ. ಕಟ್ಟಿಕೊಡುತ್ತೀರಾ? ರೇಟ್ ಹೇಳಿ.

ಎಸ್‌ಪಿ_ರೋಡ್_ಸೀನ

ಆಡಿಯೋಗ್ರಾಂ ಕಳಿಸಿ, ಆಮೇಲೆ ರೇಟ್.